ಸ್ಟೀಮ್ ಡೆಕ್‌ನಲ್ಲಿ ವ್ಯಾಲೊರಂಟ್, ಎಪೆಕ್ಸ್ ಯಾಕೆ ಓಡುವುದಿಲ್ಲ? ದುಡ್ಡು ಕೊಡುವ ಮೊದಲು ಓದಿ

ಕದ್ರಿ_ಕ್ರಾಸ್‌ಹೇರ್

ಮಂಗಳೂರಿನಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಸ್ಟೀಮ್ ಡೆಕ್ (ಸ್ಟೀಮ್ ಅನ್ನುವ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಪಿಸಿ) ಮಾರಾಟಕ್ಕೆ ಉಂಟು. ಓಎಲ್‌ಇಡಿ, 512 ಜಿಬಿ. ಮಾರುವವರು "ಸ್ಟೀಮ್‌ನಲ್ಲಿರುವ ಗೇಮ್ ಎಲ್ಲ ಓಡ್ತದೆ" ಅಂತಾರೆ. ಹುಡುಕಿ ನೋಡಿದ್ರೆ ಆನ್‌ಲೈನ್ ಶೂಟಿಂಗ್ ಗೇಮ್‌ಗಳಲ್ಲಿ ಎಪೆಕ್ಸ್ ಇಲ್ಲ, ಪಬ್ಜಿ ಇಲ್ಲ, ವ್ಯಾಲೊರಂಟ್ ಅಂತೂ ಇಲ್ಲವೇ ಇಲ್ಲ. ವ್ಯಾಲೊರಂಟ್‌ಗೆ ಕನಿಷ್ಠ ಬೇಕಾದ್ದು ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್, 4 ಜಿಬಿ ರ‍್ಯಾಮ್. ಸೈಬರ್‌ಪಂಕ್‌ನಂಥ ಭಾರದ ಗೇಮ್ ಎಳೆಯುವ ಮಿಷಿನ್‌ಗೆ ಇದು ಎಂತ ಭಾರ? ಗೊತ್ತಿರುವ ಅಣ್ಣಂದಿರು ಸರಿಯಾಗಿ ಬಿಡಿಸಿ ಹೇಳಿ.

ಸುರತ್ಕಲ್_ಕರ್ನಲ್

ಭಾರದ ಪ್ರಶ್ನೆಯೇ ಅಲ್ಲ. ಡೆಕ್‌ನಲ್ಲಿ ಎಎಂಡಿಯ 4 ಕೋರ್ ಜೆನ್ 2 ಸಿಪಿಯು, ಆರ್‌ಡಿಎನ್‌ಎ 2 ಗ್ರಾಫಿಕ್ಸ್, 16 ಜಿಬಿ ರ‍್ಯಾಮ್ ಉಂಟು. ವ್ಯಾಲೊರಂಟ್‌ಗೆ ಅದು ಸಾಕಾಗಿ ಮಿಗ್ತದೆ. ಅಡ್ಡ ನಿಂತಿರುವುದು ಆಂಟಿ-ಚೀಟ್, ಅಂದರೆ ಮೋಸ ಮಾಡಿ ಆಡುವವರನ್ನು ಹಿಡಿಯುವ ಪ್ರೋಗ್ರಾಂ.

ಡೆಕ್‌ನ ಸ್ಟೀಮ್‌ಓಎಸ್ ಅಂದರೆ ಆರ್ಚ್ ಲಿನಕ್ಸ್ ಮೇಲೆ ಕಟ್ಟಿದ ಓಎಸ್. ವಿಂಡೋಸ್ ಗೇಮ್ ಅಲ್ಲಿ ಪ್ರೋಟಾನ್ ಅನ್ನುವ ವಾಲ್ವ್‌ನ ಸಾಫ್ಟ್‌ವೇರ್ ಮೂಲಕ ಓಡ್ತದೆ. ಪ್ರೋಟಾನ್ ಒಳಗಿನ ವೈನ್, ಗೇಮ್ ವಿಂಡೋಸ್‌ಗೆ ಮಾಡುವ ಕರೆಗಳನ್ನು ಲಿನಕ್ಸ್‌ಗೆ ಅರ್ಥವಾಗುವ ಹಾಗೆ ತಿರುಗಿಸಿ ಕೊಡ್ತದೆ. ಡಿಎಕ್ಸ್‌ವಿಕೆ, ವಿಕೆಡಿ3ಡಿ ಎರಡೂ ಸೇರಿ ವಿಂಡೋಸ್‌ನ ಗ್ರಾಫಿಕ್ಸ್ ಭಾಷೆ ಡೈರೆಕ್ಟ್‌ಎಕ್ಸ್ ಅನ್ನು ಲಿನಕ್ಸ್‌ನಲ್ಲಿ ನಡೆಯುವ ವಲ್ಕನ್ ಆಗಿ ತಿರುಗಿಸ್ತವೆ. ಇಷ್ಟೂ ನಡೆಯುವುದು ಯೂಸರ್ ಮೋಡ್‌ನಲ್ಲಿ, ಅಂದರೆ ಸಾಮಾನ್ಯ ಪ್ರೋಗ್ರಾಂಗಳು ಇರುವ ಮಟ್ಟದಲ್ಲಿ.

ವ್ಯಾಲೊರಂಟ್‌ನ ಆಂಟಿ-ಚೀಟ್ ವ್ಯಾನ್‌ಗಾರ್ಡ್ ಹಾಗಲ್ಲ. ಅದರ ಮುಖ್ಯ ಭಾಗ ವಿಜಿಕೆ.ಎಸ್‌ವೈಎಸ್ ಅನ್ನುವ ಕರ್ನಲ್ ಡ್ರೈವರ್, ಅಂದರೆ ಓಎಸ್‌ನ ತಿರುಳಿನ ಒಳಗೇ ಓಡುವ ಪ್ರೋಗ್ರಾಂ. ಗೇಮ್ ತೆರೆದಾಗ ಅಲ್ಲ, ಕಂಪ್ಯೂಟರ್ ಆನ್ ಆಗುವಾಗಲೇ ಅದು ಕೂತುಕೊಳ್ತದೆ. ತನಗಿಂತ ಮೊದಲು ಬೇರೆ ಯಾವ ಡ್ರೈವರ್ ಒಳಗೆ ಬಂತು, ಯಾರು ಯಾರ ಮೆಮೊರಿಗೆ ಕೈ ಹಾಕಿದರು ಅಂತ ಕೆಳಗಿನಿಂದ ನೋಡುವುದು ಅದರ ಕೆಲಸ. ಅದಕ್ಕಾಗಿಯೇ ಟ್ರೇಯಲ್ಲಿ ವ್ಯಾನ್‌ಗಾರ್ಡ್ ಮುಚ್ಚಿದರೆ ಮತ್ತೆ ರೀಸ್ಟಾರ್ಟ್ ಮಾಡದೆ ಆಡಲಿಕ್ಕೆ ಬಿಡುವುದಿಲ್ಲ. ಆ ಡ್ರೈವರ್‌ಗೆ ಬೇಕಾದ್ದು ವಿಂಡೋಸ್‌ನ ಎನ್‌ಟಿ ಕರ್ನಲ್. ಪ್ರೋಟಾನ್ ಕೆಳಗೆ ಇರುವುದು ಲಿನಕ್ಸ್ ಕರ್ನಲ್. ವೈನ್ ಎಷ್ಟೇ ಒಳ್ಳೆಯದಾದರೂ ಆ ಡ್ರೈವರನ್ನು ಕೂರಿಸಲಿಕ್ಕೆ ಜಾಗವೇ ಇಲ್ಲ. ಪ್ರೋಟಾನ್‌ನ ಹೊಸ ಆವೃತ್ತಿಯಲ್ಲಿ ಸರಿ ಆಗಬಹುದು ಅಂತ ಕಾಯುವುದು ಬೇಡ, ಅದು ಪ್ರೋಟಾನ್‌ನ ಬಗ್ ಅಲ್ಲ.

ಕದ್ರಿ_ಕ್ರಾಸ್‌ಹೇರ್

ಹಾಗಾದ್ರೆ ಲಿನಕ್ಸ್‌ಗೇ ಒಂದು ಬೇರೆ ಡ್ರೈವರ್ ಬರೆದರೆ ಆಯ್ತಲ್ವಾ? ಅಷ್ಟು ದೊಡ್ಡ ಕಂಪನಿ.

ಸುರತ್ಕಲ್_ಕರ್ನಲ್

ಬರೆಯುವುದು ಕಷ್ಟ ಅಲ್ಲ, ಬರೆದರೂ ಅದನ್ನು ನಂಬುವುದು ಹೇಗೆ ಅನ್ನುವುದೇ ಕಷ್ಟ.

ವಿಂಡೋಸ್‌ನಲ್ಲಿ ಕರ್ನಲ್ ಒಳಗೆ ಡ್ರೈವರ್ ಹೋಗಬೇಕಾದರೆ ಮೈಕ್ರೋಸಾಫ್ಟ್ ಒಪ್ಪುವ ಡಿಜಿಟಲ್ ಸಹಿ ಬೇಕು. ಕರ್ನಲ್ ಅನ್ನು ಯಾರೂ ಮನೆಯಲ್ಲಿ ಕೂತು ಬದಲಿಸಿ ಕಟ್ಟುವುದಿಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೆ ಮೊದಲ ಹೆಜ್ಜೆಯಿಂದಲೇ ಸಹಿ ಇಲ್ಲದ್ದು ಒಳಗೆ ಬರುವುದಿಲ್ಲ, ಟಿಪಿಎಂ ಅನ್ನುವ ಭದ್ರತಾ ಭಾಗ ಆ ಬೂಟ್‌ನ ಲೆಕ್ಕ ಇಟ್ಟುಕೊಳ್ತದೆ. ಇದನ್ನೂ ದಾಟುವವರಿದ್ದಾರೆ, ಸಹಿ ಇರುವ ಹಳೆಯ ದುರ್ಬಲ ಡ್ರೈವರ್ ಹಿಡಿದುಕೊಂಡು ಒಳಗೆ ನುಗ್ತಾರೆ. ಆದರೂ ಅದಕ್ಕೆ ಖರ್ಚು, ಶ್ರಮ ಎರಡೂ ಉಂಟು.

ಲಿನಕ್ಸ್‌ನಲ್ಲಿ ಕರ್ನಲ್‌ನ ಮೂಲ ಕೋಡ್ ಕೈಯಲ್ಲೇ ಉಂಟು. ಬೇಕಾದ ಹಾಗೆ ತಿದ್ದಿ ಕಟ್ಟಿ ಬೂಟ್ ಮಾಡಿಸಬಹುದು. ಸೆಕ್ಯೂರ್ ಬೂಟ್ ಇದ್ದರೂ ನಿಮ್ಮದೇ ಕೀ ಸೇರಿಸಿ ನಿಮ್ಮದೇ ಕರ್ನಲ್‌ಗೆ ಸಹಿ ಹಾಕಬಹುದು. ಹಾಗಾಗಿ "ಸೆಕ್ಯೂರ್ ಬೂಟ್ ಆನ್" ಅನ್ನುವ ಒಂದು ಸಾಲು ಅಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ. ಕರ್ನಲ್ ತಿದ್ದುವಷ್ಟು ದೂರ ಹೋಗುವುದೂ ಬೇಡ: ರೂಟ್ ಅಧಿಕಾರ (ಇಡೀ ಮಿಷಿನ್‌ನ ಯಜಮಾನಿಕೆ) ಇದ್ದರೆ ಪ್ರೋಕ್ ಫೈಲ್‌ಸಿಸ್ಟಂನಲ್ಲಿ ಆ ಗೇಮ್‌ನ ಮೆಮೊರಿ ಫೈಲ್ ತೆರೆದು ಎದುರಾಳಿ ಎಲ್ಲಿದ್ದಾನೆ ಅಂತ ಓದಬಹುದು. ಆ ಚೀಟ್ ಪ್ರೋಗ್ರಾಂ ವೈನ್ ಹೊರಗೆ ಇರ್ತದೆ. ವೈನ್ ಒಳಗೆ ಕೂತ ಆಂಟಿ-ಚೀಟ್‌ಗೆ ಅದು ಇರುವುದೇ ಕಾಣುವುದಿಲ್ಲ.

ಕುಂದಾಪ್ರ_ಹ್ವಾಯ್

ಹ್ವಾಯ್, ಸುಲಭದಂಗೆ ಹೇಳೂಕಾರೆ: ಮನಿ ಯಜಮಾನನೇ ಕಳ್ಳ ಆರೆ ಕಾವಲು ನಾಯಿ ಎಂತ ಮಾಡೂದ್ ಮಾರ್ರೆ?

ಹಂಪನಕಟ್ಟೆ_ಹಾರ್ಡ್‌ವೇರ್

ಎಪೆಕ್ಸ್‌ನ ಕಥೆ ಮಾತ್ರ ಬೇರೆ, ಅದನ್ನು ವ್ಯಾಲೊರಂಟ್ ಜೊತೆ ಕಟ್ಟಬೇಡಿ. ವ್ಯಾಲೊರಂಟ್ ಡೆಕ್‌ನಲ್ಲಿ ಯಾವತ್ತೂ ಓಡಿಲ್ಲ. ಎಪೆಕ್ಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿ ಓಡಿತ್ತು.

2021ರ ಸೆಪ್ಟೆಂಬರ್‌ನಲ್ಲಿ ಬೇರೆ ಬೇರೆ ಗೇಮ್‌ಗಳು ಬಳಸುವ ಆಂಟಿ-ಚೀಟ್‌ಗಳಾದ ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ ಪ್ರೋಟಾನ್‌ಗೆ ಬೆಂಬಲ ಕೊಡುವುದಾಗಿ ಹೇಳಿದವು. ಆದರೆ ಅದು ತಾನಾಗಿ ಆನ್ ಆಗುವುದಲ್ಲ. ಗೇಮ್ ಮಾಡಿದವರು ಒಪ್ಪಿ ಆನ್ ಮಾಡಬೇಕು. ಈಸಿ ಆಂಟಿ-ಚೀಟ್ ಆದರೆ ಗೇಮ್‌ನ ಫೈಲ್‌ಗಳ ಜೊತೆ ಲಿನಕ್ಸ್‌ನ ಒಂದು ಲೈಬ್ರರಿ ಸೇರಿಸಿ ಕಳಿಸಬೇಕು. ಬ್ಯಾಟಲ್‌ಐ ಆದರೆ ಆ ಕಂಪನಿಗೆ ಒಂದು ಮಾತು ಹೇಳಿದರೆ ಸಾಕು. ಇಲ್ಲಿ ಒಂದು ಬೆಲೆ ತೆರಬೇಕು: ಲಿನಕ್ಸ್‌ನಲ್ಲಿ ಈ ಎರಡೂ ಯೂಸರ್ ಮೋಡ್‌ನಲ್ಲೇ ಓಡ್ತವೆ, ವಿಂಡೋಸ್‌ನ ಹಾಗೆ ಕರ್ನಲ್ ಭಾಗ ಇಲ್ಲ. ಅಂದರೆ ಅದೇ ಹೆಸರಿನ, ಆದರೆ ಬಲ ಕಡಿಮೆಯ ಆಂಟಿ-ಚೀಟ್.

2022ರಲ್ಲಿ ಎಪೆಕ್ಸ್ ಒಪ್ಪಿತು. 2024 ಅಕ್ಟೋಬರ್ 31ಕ್ಕೆ ಲಿನಕ್ಸ್ ಬಾಗಿಲು ಪೂರ್ತಿ ಮುಚ್ಚಿತು. ಕೊಟ್ಟ ಕಾರಣದಲ್ಲಿ ಹುರುಳಿದೆ: ನಿಜವಾದ ಡೆಕ್ ಯಾವುದು, ಡೆಕ್ ಅಂತ ಹೇಳಿಕೊಳ್ಳುವ ಚೀಟರ್‌ನ ಪಿಸಿ ಯಾವುದು ಅಂತ ಗುರುತಿಸಲಿಕ್ಕೆ ಭರವಸೆಯ ದಾರಿ ಇಲ್ಲ. ಫೋರ್ಟ್‌ನೈಟ್‌ನವರು ಇದೇ ವಾದವನ್ನು 2022ರ ಫೆಬ್ರವರಿಯಲ್ಲೇ ಹೇಳಿ ಬಾಗಿಲು ತೆರೆಯಲೇ ಇಲ್ಲ. ತಮಾಷೆ ಎಂತ ಅಂದರೆ, ಈಸಿ ಆಂಟಿ-ಚೀಟ್ ಅವರದ್ದೇ ಕಂಪನಿಯ ಸಾಮಾನು.

ಉಳ್ಳಾಲ_ಟ್ರಿಗರ್

ಇದೆಲ್ಲ ನೆಪ ಅಂತ ನನ್ನ ಅಭಿಪ್ರಾಯ. ದಿ ಫೈನಲ್ಸ್ ಡೆಕ್‌ನಲ್ಲಿ ಓಡ್ತದೆ, ಆರ್ಕ್ ರೈಡರ್ಸ್ ಓಡ್ತದೆ, ಹಂಟ್ ಓಡ್ತದೆ. ಮೂರಕ್ಕೂ ಈಸಿ ಆಂಟಿ-ಚೀಟೇ. ಮಾರ್ವೆಲ್ ರೈವಲ್ಸ್, ಓವರ್‌ವಾಚ್ 2 ಕೂಡ ಓಡ್ತವೆ. ಅಲ್ಲೆಲ್ಲ ಆಕಾಶ ಕಳಚಿ ಬಿದ್ದಿದೆಯಾ? ವಿಂಡೋಸ್‌ನಲ್ಲಿ ಕರ್ನಲ್ ಡ್ರೈವರ್ ಇದ್ದೂ ಚೀಟರ್‌ಗಳು ಕಡಿಮೆ ಇಲ್ಲ. ಲಿನಕ್ಸ್ ಜನ ಕಡಿಮೆ ಅಂತ ಕೈಬಿಟ್ಟದ್ದು, ಅಷ್ಟೇ.

ಸುರತ್ಕಲ್_ಕರ್ನಲ್

ಅರ್ಧ ಒಪ್ಪುತ್ತೇನೆ. ಲೆಕ್ಕದ ಮಾತು ನಿಜ. ಸ್ಟೀಮ್‌ನ ಸರ್ವೆಯಲ್ಲಿ ಲಿನಕ್ಸ್ ಪಾಲು 3% ದಾಟಿದ್ದೇ 2025ರ ಅಕ್ಟೋಬರ್‌ನಲ್ಲಿ. 2024ರಲ್ಲಿ ಲೀಗ್ ಆಫ್ ಲೆಜೆಂಡ್ಸ್‌ಗೆ ವ್ಯಾನ್‌ಗಾರ್ಡ್ ಹಾಕುವಾಗ, ಲಿನಕ್ಸ್‌ನಲ್ಲಿ ದಿನಕ್ಕೆ ಆಡುವವರು 800ಕ್ಕೆ ಸ್ವಲ್ಪ ಮೇಲೆ ಅಂತ ವ್ಯಾಲೊರಂಟ್, ಲೀಗ್ ಎರಡನ್ನೂ ಮಾಡಿದ ರಯಟ್ ಕಡೆಯವರೇ ಹೇಳಿದ್ದರು. ಅಷ್ಟು ಜನರಿಗಾಗಿ ಇನ್ನೊಂದು ಓಎಸ್‌ನ ಕಾವಲಿಗೆ ಬೇರೆ ತಂಡ ಇಡುವ ಕಂಪನಿ ಯಾವುದೂ ಇಲ್ಲ.

ಆದರೆ ಗೇಮ್‌ನ ಸ್ವಭಾವವನ್ನೂ ನೋಡಬೇಕು. ವ್ಯಾಲೊರಂಟ್‌ನಲ್ಲಿ ಒಂದೇ ಗುಂಡಿಗೆ ತಲೆ, ರೌಂಡಿಗೆ ಒಂದೇ ಜೀವ, ಅದರ ಮೇಲೆ ರ‍್ಯಾಂಕ್, ಅದರ ಮೇಲೆ ದುಡ್ಡಿನ ಪಂದ್ಯ. ಗೋಡೆ ಹಿಂದೆ ಯಾರಿದ್ದಾರೆ ಅಂತ ಒಂದು ಕ್ಷಣ ಮೊದಲೇ ಗೊತ್ತಾದರೆ ಆಟ ಮುಗಿಯಿತು. ಓವರ್‌ವಾಚ್‌ನಂಥ ಹೀರೋ ಶೂಟರ್‌ನಲ್ಲಿ ಎದುರಾಳಿಯ ಆರೋಗ್ಯ ಕರಗಲಿಕ್ಕೆ ಸಮಯ ಬೇಕು, ಸಾಮರ್ಥ್ಯಗಳು ಉಂಟು, ಅಷ್ಟು ತೀಕ್ಷ್ಣ ಅಲ್ಲ. ಚೀಟ್‌ನಿಂದ ಗೇಮ್‌ಗೆ ಆಗುವ ಪೆಟ್ಟು ದೊಡ್ಡದಾದಷ್ಟೂ ಕಂಪನಿ ಬಾಗಿಲು ಬಿಗಿ ಮಾಡ್ತದೆ.

ಮಲ್ಪೆ_ಮೌಸ್

ಸರ್ವರ್ ಕಡೆಯಿಂದಲೇ ಹಿಡಿಯಲಿ ಅಂತ ಹೇಳುವವರಿಗೆ ಒಂದು ಮಾತು. ವ್ಯಾಲೊರಂಟ್ ಅದನ್ನೂ ಮಾಡ್ತದೆ. ಎದುರಾಳಿ ಕಾಣುವ ಹೊತ್ತು ಹತ್ತಿರ ಬರುವವರೆಗೆ ಅವನ ಜಾಗವನ್ನು ನಿಮ್ಮ ಕಂಪ್ಯೂಟರ್‌ಗೆ ಕಳಿಸುವುದೇ ಇಲ್ಲ. ಹಾಗಂತ ಪೂರ್ತಿ ಬಚ್ಚಿಡಲಿಕ್ಕೂ ಆಗುವುದಿಲ್ಲ. ಮೂಲೆಯಿಂದ ಹೊರಬರುವ ಕ್ಷಣದಲ್ಲೇ ಕಳಿಸಿದರೆ, ನೆಟ್‌ವರ್ಕ್ ತಡದಿಂದಾಗಿ ಆಳು ಗಾಳಿಯಲ್ಲಿ ಪ್ರತ್ಯಕ್ಷ ಆದ ಹಾಗೆ ಕಾಣ್ತದೆ. ಸ್ವಲ್ಪ ಮೊದಲೇ ಕಳಿಸಬೇಕು. ಆ ಸ್ವಲ್ಪವೇ ಗೋಡೆಯಾಚೆ ಇರುವವರನ್ನು ತೋರಿಸುವ ವಾಲ್‌ಹ್ಯಾಕ್‌ಗೆ ಸಾಕು. ತಾನೇ ಗುರಿ ಇಡುವ ಏಮ್‌ಬಾಟ್ ಕೂಡ ಈಗ ಮೊದಲಿನ ಹಾಗೆ ತಲೆಗೆ ಹಾರುವುದಿಲ್ಲ, ಕೈಯ ಚಲನೆಗೆ ಸಣ್ಣ ತಳ್ಳು ಕೊಡ್ತದೆ. ಸರ್ವರ್‌ಗೆ ಅದು ಒಳ್ಳೆಯ ಆಟಗಾರನ ಹಾಗೇ ಕಾಣುವುದು.

ಕದ್ರಿ_ಕ್ರಾಸ್‌ಹೇರ್

ಅರ್ಥ ಆಯ್ತು. ಹಾಗಾದ್ರೆ ಡೆಕ್‌ನಲ್ಲಿ ಆಗುವುದು ಯಾವುದು, ಆಗದ್ದು ಯಾವುದು, ಒಂದು ಕಡೆ ಹೇಳಿ. ಸಿಎಸ್2 (ಕೌಂಟರ್-ಸ್ಟ್ರೈಕ್ 2) ಆಗ್ತದಾ?

ಹಂಪನಕಟ್ಟೆ_ಹಾರ್ಡ್‌ವೇರ್

ಸಿಎಸ್2 ಆಗ್ತದೆ. ಅದಕ್ಕೆ ಪ್ರೋಟಾನ್ ಕೂಡ ಬೇಡ, ಲಿನಕ್ಸ್‌ಗೇ ಮಾಡಿದ ಆವೃತ್ತಿ ಉಂಟು. ಅದರ ಆಂಟಿ-ಚೀಟ್ ವ್ಯಾಕ್ ಯೂಸರ್ ಮೋಡ್‌ನದ್ದು. ಆದರೆ ಫೇಸ್‌ಇಟ್ ಅನ್ನುವ ಪಂದ್ಯದ ವೇದಿಕೆಯಲ್ಲಿ ಆಡುವುದಾದರೆ ಇಲ್ಲ, ಅವರ ಆಂಟಿ-ಚೀಟ್ ವಿಂಡೋಸ್‌ಗೆ ಮಾತ್ರ. ಕಾಲೇಜು ಫೆಸ್ಟ್‌ನ ಪಂದ್ಯಕ್ಕೆ ಹೆಸರು ಕೊಡುವ ಮೊದಲು ಅದು ಫೇಸ್‌ಇಟ್ ಮೇಲೆ ನಡೆಯುತ್ತದಾ ಅಂತ ಕೇಳಿಕೊಳ್ಳಿ.

ಆಗದವು: ವ್ಯಾಲೊರಂಟ್, ಎಪೆಕ್ಸ್, ಫೋರ್ಟ್‌ನೈಟ್, ಪಬ್ಜಿ, ರೇನ್‌ಬೋ ಸಿಕ್ಸ್ ಸೀಜ್, ಡೆಸ್ಟಿನಿ 2, ಈಗಿನ ಕಾಲ್ ಆಫ್ ಡ್ಯೂಟಿಗಳು, ಬ್ಯಾಟಲ್‌ಫೀಲ್ಡ್ 6. ಇದರಲ್ಲಿ ಸೀಜ್, ಪಬ್ಜಿ, ಡೆಸ್ಟಿನಿಗೆ ಇರುವುದು ಬ್ಯಾಟಲ್‌ಐ. ಅದೇ ಬ್ಯಾಟಲ್‌ಐ ಇರುವ ಡೇಝೆಡ್, ಆರ್ಮಾ 3 ಡೆಕ್‌ನಲ್ಲಿ ಓಡ್ತವೆ. ಅಂದರೆ ಈ ಮೂರಕ್ಕೆ ತಾಂತ್ರಿಕವಾಗಿ ದಾರಿ ಉಂಟು, ಮಾಲೀಕರಿಗೆ ಮನಸ್ಸಿಲ್ಲ. ಡೆಸ್ಟಿನಿಯವರು ಇನ್ನೂ ಒಂದು ಹೆಜ್ಜೆ ಮುಂದೆ: ಡೆಕ್‌ನಲ್ಲಿ ತಪ್ಪಿಸಿಕೊಂಡು ಆಡಲು ನೋಡಿದರೆ ಬ್ಯಾನ್ ಅಂತ ಮೊದಲೇ ಹೇಳಿದ್ದಾರೆ.

ಇವತ್ತು ಓಡುವುದು ನಾಳೆಯೂ ಓಡ್ತದೆ ಅಂತ ಇಲ್ಲ. ಜಿಟಿಎ ಆನ್‌ಲೈನ್ ಚೆನ್ನಾಗಿ ಓಡುತ್ತಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಹಾಕಿದರು, ಅವತ್ತಿಗೆ ಡೆಕ್‌ನಲ್ಲಿ ಆನ್‌ಲೈನ್ ನಿಂತಿತು. ಬ್ಯಾಟಲ್‌ಫೀಲ್ಡ್ 1 ಮತ್ತು 5ಕ್ಕೂ ಅದೇ ವರ್ಷ ಇಎಯ ಆಂಟಿ-ಚೀಟ್ ಬಂದು ಹೀಗೇ ಆಯಿತು. ಹಾಗಾಗಿ ಡೆಕ್‌ನಲ್ಲಿ ಓಡ್ತದೆ ಅಂತ ಹೇಳುವ ಸ್ಟೀಮ್‌ನ ಹಸಿರು ಗುರುತನ್ನು ಮಾತ್ರ ನಂಬಿ ಕೂರಬೇಡಿ. ಆಡಿದವರೇ ಬರೆಯುವ ಪ್ರೋಟಾನ್‌ಡಿಬಿ ವೆಬ್‌ಸೈಟ್‌ನಲ್ಲಿ ಇತ್ತೀಚಿನ ವರದಿ ನೋಡಿ, ಆರ್ ವಿ ಆಂಟಿ-ಚೀಟ್ ಯೆಟ್ ಅನ್ನುವ ಪಟ್ಟಿಯಲ್ಲಿ ಗೇಮ್ ಹೆಸರು ಹುಡುಕಿ.

ಓಡಬೇಕಾದ ಗೇಮ್ ಆಂಟಿ-ಚೀಟ್ ಎರರ್ ಕೊಟ್ಟು ಮುಚ್ಚಿಹೋದರೆ: ಸ್ಟೀಮ್ ಲೈಬ್ರರಿಯ ಟೂಲ್ಸ್ ವಿಭಾಗದಲ್ಲಿ "ಪ್ರೋಟಾನ್ ಈಸಿಆಂಟಿಚೀಟ್ ರನ್‌ಟೈಮ್", "ಪ್ರೋಟಾನ್ ಬ್ಯಾಟಲ್‌ಐ ರನ್‌ಟೈಮ್" ಎರಡೂ ಇಳಿದಿವೆಯಾ ನೋಡಿ. ಜಾಗ ಉಳಿಸುವ ಗಡಿಬಿಡಿಯಲ್ಲಿ ಅದನ್ನು ಅಳಿಸಿಬಿಡುವವರು ತುಂಬಾ. ಆಮೇಲೆ ಗೇಮ್‌ನ ಪ್ರಾಪರ್ಟೀಸ್‌ನಲ್ಲಿ ಫೈಲ್ ವೆರಿಫೈ. ಅಷ್ಟಕ್ಕೂ ಆಗದಿದ್ದರೆ ಮಾತ್ರ ಬೇರೆ ಪ್ರೋಟಾನ್ ಆವೃತ್ತಿ.

ಮಲ್ಪೆ_ಮೌಸ್

ಸಿಎಸ್2 ಓಡುವುದು ಒಂದು, ಆಡಲಿಕ್ಕೆ ಆಗುವುದು ಇನ್ನೊಂದು. ಅದು ಕಂಟ್ರೋಲರ್‌ಗೆ ಮಾಡಿದ ಗೇಮ್ ಅಲ್ಲ. ಕಡ್ಡಿಯಲ್ಲಿ (ಥಂಬ್‌ಸ್ಟಿಕ್) ಗುರಿ ಇಡುವುದು ಮರೆತುಬಿಡಿ. ಬಟನ್‌ಗಳನ್ನು ಹೊಂದಿಸುವ ಸ್ಟೀಮ್ ಇನ್‌ಪುಟ್‌ನಲ್ಲಿ ಬಲಗಡೆ ಟ್ರ್ಯಾಕ್‌ಪ್ಯಾಡ್ ಅನ್ನು ಮೌಸ್ ಮಾಡಿ, ಜೈರೋವನ್ನೂ (ಡೆಕ್ ಅಲುಗಿದ್ದನ್ನು ಗುರುತಿಸುವ ಸೆನ್ಸರ್) ಮೌಸ್ ಮಾಡಿ, ಟ್ರ್ಯಾಕ್‌ಪ್ಯಾಡ್ ಮುಟ್ಟಿದಾಗ ಮಾತ್ರ ಜೈರೋ ಎದ್ದೇಳುವ ಹಾಗೆ ಇಡಿ. ದೊಡ್ಡ ತಿರುಗಾಟ ಹೆಬ್ಬೆರಳಿನಲ್ಲಿ, ಕೊನೆಯ ಸಣ್ಣ ತಿದ್ದುಪಡಿ ಮಣಿಕಟ್ಟಿನಲ್ಲಿ. 360 ಡಿಗ್ರಿಗೆ ಎಷ್ಟು ಡಾಟ್ ಅನ್ನುವ ಸೆಟ್ಟಿಂಗ್ ಎರಡಕ್ಕೂ ಒಂದೇ ಲೆಕ್ಕದಲ್ಲಿ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಕೈಗೆ ಅಭ್ಯಾಸ ಕೂರುವುದೇ ಇಲ್ಲ.

ಒಂದು ಎಚ್ಚರಿಕೆ: ಒಂದು ಬಟನ್‌ಗೆ ಎರಡು ಕೆಲಸ ಕಟ್ಟಬೇಡಿ. ಜಂಪ್ ಮತ್ತು ಗ್ರೆನೇಡ್ ಬಿಡುವುದು ಒಟ್ಟಿಗೆ, ಅಥವಾ ಎಡ-ಬಲ ತಾನೇ ಬದಲಾಗುವ ಹಾಗೆ, ಈ ರೀತಿಯದ್ದು ಸ್ಟೀಮ್ ಇನ್‌ಪುಟ್‌ನಲ್ಲಿ ಬಹಳ ಸುಲಭ. 2024ರ ಆಗಸ್ಟ್‌ನಿಂದ ವಾಲ್ವ್‌ನ ಅಧಿಕೃತ ಸರ್ವರ್‌ಗಳು ಇಂಥ ಇನ್‌ಪುಟ್ ಆಟೊಮೇಷನ್ ಹಿಡಿದು ಮ್ಯಾಚ್‌ನಿಂದ ಹೊರಗೆ ಹಾಕ್ತವೆ. ಡೌನ್‌ಲೋಡ್ ಮಾಡಿದ ಯಾರದ್ದೋ ಲೇಔಟ್‌ನಲ್ಲಿ ಇದು ಅಡಗಿ ಕೂತಿರ್ತದೆ, ಬಿಡಿಸಿ ನೋಡಿಯೇ ಹಾಕಿಕೊಳ್ಳಿ.

ಉಳ್ಳಾಲ_ಟ್ರಿಗರ್

ಡೆಕ್‌ಗೇ ವಿಂಡೋಸ್ ಹಾಕಿದರೆ? ಡ್ರೈವರ್ ವಾಲ್ವ್ ಅವರೇ ಕೊಡ್ತಾರಲ್ಲ.

ಸುರತ್ಕಲ್_ಕರ್ನಲ್

ಕೊಡ್ತಾರೆ. ಎಪಿಯು (ಸಿಪಿಯು, ಗ್ರಾಫಿಕ್ಸ್ ಸೇರಿದ ಚಿಪ್), ವೈಫೈ, ಬ್ಲೂಟೂತ್, ಕಾರ್ಡ್ ರೀಡರ್, ಆಡಿಯೊ ಎಲ್ಲ ಬೇರೆ ಬೇರೆ ಇಳಿಸಿ ಹಾಕಬೇಕು. ಎಪೆಕ್ಸ್, ಫೋರ್ಟ್‌ನೈಟ್‌ನಂಥವು ಆಮೇಲೆ ಓಡ್ತವೆ. ವ್ಯಾಲೊರಂಟ್‌ಗೆ ಸಿಕ್ಕಿಬೀಳುವುದು ಇಲ್ಲಿ: ವಿಂಡೋಸ್ 11ರಲ್ಲಿ ವ್ಯಾನ್‌ಗಾರ್ಡ್‌ಗೆ ಟಿಪಿಎಂ 2.0 ಜೊತೆ ಸೆಕ್ಯೂರ್ ಬೂಟ್ ಬೇಕೇ ಬೇಕು. ಡೆಕ್‌ನಲ್ಲಿ ಫರ್ಮ್‌ವೇರ್ ಟಿಪಿಎಂ ಉಂಟು, ಸೆಕ್ಯೂರ್ ಬೂಟ್ ಸಿದ್ಧವಾಗಿ ಬರುವುದಿಲ್ಲ. ಕೀಗಳನ್ನು ಕೈಯಾರೆ ಬಯೋಸ್‌ಗೆ (ಓಎಸ್‌ಗಿಂತ ಮೊದಲು ಓಡುವ ಪ್ರೋಗ್ರಾಂ) ಸೇರಿಸುವ ದಾರಿಗಳು ನೆಟ್‌ನಲ್ಲಿ ಸಿಗ್ತವೆ, ಆದರೆ ಅದು ವಾಲ್ವ್ ಹೇಳಿಕೊಟ್ಟ ದಾರಿ ಅಲ್ಲ. ಭಾರತದಲ್ಲಿ ಡೆಕ್ ಅಧಿಕೃತವಾಗಿ ಮಾರಾಟವೇ ಇಲ್ಲ, ವಾರಂಟಿಯ ಮಾತೇ ಇಲ್ಲ. ಬಯೋಸ್ ಕೆಟ್ಟರೆ ಚಿಪ್ ಪ್ರೋಗ್ರಾಮರ್ ಇರುವ ರಿಪೇರಿಯವರನ್ನು ಹುಡುಕಬೇಕು.

ವಿಂಡೋಸ್ 10 ಹಾಕಿ ಸೆಕ್ಯೂರ್ ಬೂಟ್ ತಪ್ಪಿಸಿಕೊಳ್ಳಬಹುದು ಅನ್ನುವ ಸಲಹೆ ಈಗ ಹಳಸಿದ್ದು. ಅದರ ಬೆಂಬಲ 2025 ಅಕ್ಟೋಬರ್ 14ಕ್ಕೆ ಮುಗಿಯಿತು. ವರ್ಚುವಲ್ ಮಿಷಿನ್ ಕೂಡ ಬೇಡ, ವ್ಯಾನ್‌ಗಾರ್ಡ್ ಅದನ್ನು ಹಿಡಿದು ನಿಲ್ಲಿಸ್ತದೆ. "ವ್ಯಾನ್‌ಗಾರ್ಡ್ ಬೈಪಾಸ್" ಅಂತ ಟೆಲಿಗ್ರಾಂನಲ್ಲಿ ಮಾರುವ ಸಾಮಾನು ಕೊಂಡರೆ ಹೋಗುವುದು ದುಡ್ಡು ಮಾತ್ರ ಅಲ್ಲ, ಅಕೌಂಟ್ ಮತ್ತು ಹಾರ್ಡ್‌ವೇರ್ ಬ್ಯಾನ್ ಕೂಡ ಸೇರಿ.

ಹಂಪನಕಟ್ಟೆ_ಹಾರ್ಡ್‌ವೇರ್

ವ್ಯಾಲೊರಂಟೇ ಮುಖ್ಯ ಅಂದರೆ ವಿಂಡೋಸ್ ಹ್ಯಾಂಡ್‌ಹೆಲ್ಡ್ ತಗೊಳ್ಳಬೇಕು ತಮ್ಮ. ಆಸೂಸ್ ರಾಗ್ ಅಲೈ ಇಲ್ಲಿ ಅಧಿಕೃತವಾಗಿ ಸಿಗ್ತದೆ, 2023ರ ಜುಲೈಯಲ್ಲಿ ಬಂದಾಗ ಬೆಲೆ 69,990 ರೂಪಾಯಿ ಇತ್ತು. ಕಾರ್ಖಾನೆಯಿಂದ ಬರುವಾಗ ವಿಂಡೋಸ್ 11, ಟಿಪಿಎಂ, ಸೆಕ್ಯೂರ್ ಬೂಟ್ ಎಲ್ಲ ಸರಿ ಇರ್ತದೆ. ತೊಂದರೆ ಬರುವುದು ಸೆಕೆಂಡ್ ಹ್ಯಾಂಡ್‌ನಲ್ಲಿ. ಹಿಂದಿನವರು ಸ್ಟೀಮ್‌ಓಎಸ್ ಹಾಕಿ ನೋಡಿ, ಸೆಕ್ಯೂರ್ ಬೂಟ್ ಆಫ್ ಮಾಡಿ, ಮತ್ತೆ ವಿಂಡೋಸ್ ಹಾಕಿ ಮಾರಿರ್ತಾರೆ. ವ್ಯಾಲೊರಂಟ್ ತೆರೆದಾಗ ವ್ಯಾನ್ 9001 ಅಥವಾ ವ್ಯಾನ್ 9003 ಅಂತ ಎರರ್ ಬಂದರೆ ಇದೇ ಕಾರಣ.

ಪರೀಕ್ಷೆ ಹೀಗೆ. ರನ್‌ನಲ್ಲಿ ಎಂಎಸ್‌ಇನ್ಫೋ32 ಹಾಕಿ. ಬಯೋಸ್ ಮೋಡ್ ಯುಇಎಫ್‌ಐ ಇರಬೇಕು, ಸೆಕ್ಯೂರ್ ಬೂಟ್ ಸ್ಟೇಟ್ ಆನ್ ಇರಬೇಕು. ಟಿಪಿಎಂ.ಎಂಎಸ್‌ಸಿ ತೆರೆದರೆ ಸ್ಪೆಸಿಫಿಕೇಶನ್ ವರ್ಷನ್ 2.0 ಅಂತ ಕಾಣಬೇಕು. ಸೆಕ್ಯೂರ್ ಬೂಟ್ ಆಫ್ ಇದ್ದರೆ ಕೂಡಲೇ ಬಯೋಸ್‌ಗೆ ಓಡಬೇಡಿ. ಮೊದಲು ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ) ರಿಕವರಿ ಕೀ ಬರೆದು ಇಟ್ಟುಕೊಳ್ಳಿ. ಬಯೋಸ್‌ನಲ್ಲಿ ಬೂಟ್ ಸೆಟ್ಟಿಂಗ್ ಬದಲಾದರೆ ಬಿಟ್‌ಲಾಕರ್ ಅನುಮಾನ ಪಟ್ಟು ನೀಲಿ ಪರದೆಯಲ್ಲಿ 48 ಅಂಕೆಗಳ ಆ ಕೀ ಕೇಳ್ತದೆ. ಅಕೌಂಟ್ ಹಿಂದಿನ ಮಾಲೀಕರದ್ದಾಗಿದ್ದರೆ ಕೀ ಅವರ ಹತ್ತಿರವೇ ಇರ್ತದೆ, ನಿಮ್ಮ ಡೇಟಾ ಹೋಯಿತು ಅಂತಲೇ ಲೆಕ್ಕ. 7 ಇಂಚಿನ ಪರದೆಯಲ್ಲಿ ಅಷ್ಟು ಅಂಕೆ ಒತ್ತುವ ಬದಲು ಒಂದು ಯುಎಸ್‌ಬಿ ಕೀಬೋರ್ಡ್ ಪಕ್ಕದಲ್ಲಿಡಿ.

ಆಮೇಲೆ ಪೂರ್ತಿ ಶಟ್‌ಡೌನ್ ಮಾಡಿ, ವಾಲ್ಯೂಮ್ ಡೌನ್ ಒತ್ತಿ ಹಿಡಿದು ಪವರ್ ಒತ್ತಿ. ಅಡ್ವಾನ್ಸ್ಡ್ ಮೋಡ್, ಸೆಕ್ಯೂರಿಟಿ, ಸೆಕ್ಯೂರ್ ಬೂಟ್. ಎನೇಬಲ್ ಮಾಡಿದರೂ ವಿಂಡೋಸ್‌ನಲ್ಲಿ ಆಫ್ ಅಂತಲೇ ತೋರಿಸಿದರೆ ಕೀಗಳು ಅಳಿಸಿಹೋಗಿವೆ ಅಂತ ಅರ್ಥ, ಅದೇ ಪುಟದಲ್ಲಿ ಫ್ಯಾಕ್ಟರಿ ಕೀ ಮರಳಿಸುವ ಆಯ್ಕೆ ಒತ್ತಿ.

ಮಲ್ಪೆ_ಮೌಸ್

ಇದರ ಮೇಲೆ ಇನ್ನೊಂದು ಸಂಗತಿ ಯಾರೂ ಹೇಳಲಿಲ್ಲ. ಪಿಸಿಯ ವ್ಯಾಲೊರಂಟ್ ಕಂಟ್ರೋಲರನ್ನು ಒಪ್ಪುವುದೇ ಇಲ್ಲ. ಅಲೈಯ ಕಡ್ಡಿ, ಬಟನ್ ಎಲ್ಲ ಅಲಂಕಾರಕ್ಕೆ. ಹಬ್ ಹಾಕಿ ಕೀಬೋರ್ಡ್, ಮೌಸ್ ಜೋಡಿಸಲೇಬೇಕು. ಮೊದಲ ಅಲೈಯಲ್ಲಿ ಸಾಮಾನ್ಯ ಬಳಕೆಗೆ ಒಂದೇ ಟೈಪ್-ಸಿ ಕಿಂಡಿ, ಹಾಗಾಗಿ ಚಾರ್ಜ್ ಕೂಡ ಹಬ್ ಮೂಲಕವೇ. ಹಬ್ ತಾನೂ ಸ್ವಲ್ಪ ವ್ಯಾಟ್ ತಿನ್ನುವುದರಿಂದ 100 ವ್ಯಾಟ್ ಪಿಡಿ ಬರೆದಿರುವ ಹಬ್, 65 ವ್ಯಾಟ್‌ಗೆ ಕಡಿಮೆ ಇಲ್ಲದ ಚಾರ್ಜರ್ ನೋಡಿ. ಬ್ಯಾಟರಿ 40 ವ್ಯಾಟ್-ಅವರ್. 25 ವ್ಯಾಟ್ ಮೋಡ್‌ನಲ್ಲಿ ಪರದೆ, ಫ್ಯಾನ್, ವೈಫೈ ಸೇರಿ ಮಿಷಿನ್ ಒಟ್ಟು 30ರ ಮೇಲೆ ಎಳೆದರೆ ಒಂದೂಕಾಲು ಗಂಟೆಗೆ ಖಾಲಿ. ವ್ಯಾಲೊರಂಟ್‌ಗೆ 15 ವ್ಯಾಟ್ ಮೋಡ್ ಸಾಕು.

ಮೇಜು, ಮೌಸ್, ಚಾರ್ಜರ್ ಎಲ್ಲ ಬೇಕು ಅಂದಮೇಲೆ ಅದೇ ದುಡ್ಡಿಗೆ ಗೇಮಿಂಗ್ ಲ್ಯಾಪ್‌ಟಾಪ್ ಯಾಕೆ ಬೇಡ ಅಂತ ಒಂದು ಸಲ ಯೋಚನೆ ಮಾಡಿ.

ಮಣಿಪಾಲ_ಪಿಂಗ್

ಮನೆಯಲ್ಲಿ ಈಗಾಗಲೇ ವಿಂಡೋಸ್ ಪಿಸಿ ಇದ್ದರೆ ಡೆಕ್ ತಗೊಂಡು ಸ್ಟ್ರೀಮ್ ಮಾಡಿ, ಎಪೆಕ್ಸ್‌ಗೆ ಇದು ನೇರ ದಾರಿ. ಆಂಟಿ-ಚೀಟ್ ಪಿಸಿಯಲ್ಲಿ ಓಡ್ತದೆ, ಡೆಕ್‌ಗೆ ಬರುವುದು ವಿಡಿಯೊ ಮಾತ್ರ.

ಪಿಸಿಯಲ್ಲಿ ವಿಡಿಯೊ ಕಳಿಸುವ ಸನ್‌ಶೈನ್ ಹಾಕಿ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್‌ನ 47990 ಪೋರ್ಟ್ ತೆರೆದು ಪಾಸ್‌ವರ್ಡ್ ಇಡಿ. ಡೆಕ್‌ನ ಡೆಸ್ಕ್‌ಟಾಪ್ ಮೋಡ್‌ನಲ್ಲಿ ಡಿಸ್ಕವರ್ ಅನ್ನುವ ಆ್ಯಪ್ ಅಂಗಡಿಯಿಂದ, ಆ ವಿಡಿಯೊ ತೋರಿಸುವ ಮೂನ್‌ಲೈಟ್ ಇಳಿಸಿ, ಸ್ಟೀಮ್‌ಗೆ ಸೇರಿಸಿ. ಮೂನ್‌ಲೈಟ್ ತೋರಿಸುವ 4 ಅಂಕೆಯ ಪಿನ್ ಅನ್ನು ಸನ್‌ಶೈನ್‌ನಲ್ಲಿ ಹಾಕಿದರೆ ಜೋಡಿ ಆಯಿತು. 1280x800, ಓಎಲ್‌ಇಡಿ ಆದರೆ 90 ಫ್ರೇಮ್, ಬಿಟ್‌ರೇಟ್ 20 ಎಂಬಿಪಿಎಸ್‌ನಿಂದ ಶುರು ಮಾಡಿ. ಪಿಸಿಯಿಂದ ರೌಟರ್‌ಗೆ ಕೇಬಲ್ ಕಡ್ಡಾಯ. ಎರಡೂ ಕಡೆ ವೈಫೈ ಇಟ್ಟರೆ ಒಂದೇ ಗಾಳಿಯಲ್ಲಿ ಎರಡು ಸಲ ಡೇಟಾ ಹಾರಬೇಕು, ಚಿತ್ರ ಮುಗ್ಗರಿಸ್ತದೆ. ಡೆಕ್ 5 ಗಿಗಾಹರ್ಟ್ಸ್‌ನಲ್ಲೇ ಇರಲಿ. ನಮ್ಮ ಕಡೆಯ ಕೆಂಪುಕಲ್ಲಿನ ಹಳೆ ಮನೆಗಳಲ್ಲಿ ಎರಡು ಗೋಡೆ ದಾಟುವ ಹೊತ್ತಿಗೆ 5 ಗಿಗಾಹರ್ಟ್ಸ್ ಸೋತುಹೋಗ್ತದೆ, ರೌಟರ್ ಇರುವ ಕೋಣೆಯಲ್ಲೇ ಕೂರುವುದು ಒಳ್ಳೆಯದು.

ಹಾಸ್ಟೆಲ್, ಪಿಜಿಯ ವೈಫೈಯಲ್ಲಿ ಮೂನ್‌ಲೈಟ್‌ಗೆ ಪಿಸಿ ಕಾಣದಿದ್ದರೆ ಅಲ್ಲಿ ಕ್ಲೈಂಟ್ ಐಸೊಲೇಷನ್ ಹಾಕಿರ್ತಾರೆ, ಒಂದು ಸಾಧನಕ್ಕೆ ಇನ್ನೊಂದು ಕಾಣದ ಹಾಗೆ. ನಿಮ್ಮದೇ ಸಣ್ಣ ರೌಟರ್ ಇಟ್ಟು ಎರಡನ್ನೂ ಅದಕ್ಕೆ ಜೋಡಿಸಿ. ಅದಕ್ಕೆ ಇಂಟರ್‌ನೆಟ್ ಬೇರೆ ಕಡೆಯಿಂದ ಬಂದರೂ ನಡೀತದೆ.

ಊರ ಹೊರಗಿನಿಂದ ಮನೆಯ ಪಿಸಿಗೆ ಟೇಲ್‌ಸ್ಕೇಲ್ ಅನ್ನುವ ವಿಪಿಎನ್ ಮೂಲಕ ಬರಬಹುದು, ಆದರೆ ರ‍್ಯಾಂಕ್ಡ್ ಆಡುವ ಆಸೆ ಬಿಡಿ. ಈಗ ತಡ ಎರಡು ಕಡೆ ಕೂಡ್ತದೆ: ನಿಮ್ಮಿಂದ ಮನೆಗೆ ಒಂದು, ಮನೆಯಿಂದ ಗೇಮ್ ಸರ್ವರ್‌ಗೆ ಇನ್ನೊಂದು. ಮಂಗಳೂರಿನಿಂದ ಮುಂಬೈ ಸರ್ವರ್ ನೇರ ರೇಖೆಯಲ್ಲಿ ಸುಮಾರು 700 ಕಿ.ಮೀ. ಫೈಬರ್‌ನಲ್ಲಿ ಬೆಳಕು ಹೋಗಿ ಬರಲಿಕ್ಕೆ ಕಾಗದದ ಲೆಕ್ಕದಲ್ಲಿ 7 ಮಿಲಿಸೆಕೆಂಡ್ ಸಾಕು, ಆದರೆ ನಿಜದ ದಾರಿ ಸುತ್ತಿ ಬಳಸಿ ಹೋಗುವುದರಿಂದ ಅದರ ಹಲವು ಪಟ್ಟು ಆಗ್ತದೆ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್‌ನಲ್ಲಿ ಮೊಬೈಲ್ ಡೇಟಾ ಹಿಡಿದು ಆಡಿದರೆ ಟವರ್ ಬದಲಾದಾಗಲೆಲ್ಲ ಚಿತ್ರ ನಿಲ್ತದೆ. ಬಸ್‌ಗೆ ಸಿಂಗಲ್ ಪ್ಲೇಯರ್ ಗೇಮೇ ಸರಿ.

ಕುಂದಾಪ್ರ_ಹ್ವಾಯ್

ನಿಂಟೆಂಡೊ ಸ್ವಿಚ್ಚಿಗೆ ಎಪೆಕ್ಸ್ ಇತ್ತಲ್ದಾ? ಅದ್ಕೆ ಈ ರಗಳೆ ಎಂತಕ್ಕಿಲ್ಲೆ?

ಸುರತ್ಕಲ್_ಕರ್ನಲ್

ಇತ್ತು, 2021ರ ಮಾರ್ಚ್‌ನಲ್ಲಿ ಬಂತು, 30 ಫ್ರೇಮ್‌ನಲ್ಲಿ. ಫೋರ್ಟ್‌ನೈಟ್ 2018ರಿಂದಲೇ ಉಂಟು. ಸ್ವಿಚ್ ಮುಚ್ಚಿದ ಪೆಟ್ಟಿಗೆ. ನಿಂಟೆಂಡೊ ಸಹಿ ಇಲ್ಲದ ಪ್ರೋಗ್ರಾಂ ಸಾಮಾನ್ಯ ಬಳಕೆದಾರರ ಕೈಯಲ್ಲಿ ಓಡುವುದಿಲ್ಲ, ಅಲ್ಲಿ ಆಂಟಿ-ಚೀಟ್‌ನ ಅರ್ಧ ಕೆಲಸ ಪೆಟ್ಟಿಗೆಯೇ ಮಾಡ್ತದೆ. ಅಲ್ಲಿ ಅಡ್ಡಿ ಬರುವುದು ನಿಜವಾಗಿಯೂ ಹಾರ್ಡ್‌ವೇರ್: ಟೆಗ್ರಾ ಎಕ್ಸ್1 ಚಿಪ್, 4 ಜಿಬಿ ರ‍್ಯಾಮ್. ವ್ಯಾಲೊರಂಟ್ 2024ರಲ್ಲಿ ಕನ್ಸೋಲ್‌ಗೆ ಬಂದಾಗಲೂ ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ ಬಂತು, ಪಿಸಿಯವರ ಜೊತೆ ಒಂದೇ ಮ್ಯಾಚ್‌ನಲ್ಲಿ ಸೇರಿಸಲಿಲ್ಲ.

ಡೆಕ್‌ನ ಒಳ್ಳೆಯ ಗುಣ ಅಂತ ನಾವು ಹೇಳುವುದು ಎಂತ? ಬೇಕಾದ ಓಎಸ್ ಹಾಕಬಹುದು, ಬೇಕಾದ್ದು ತಿದ್ದಬಹುದು. ಪಂದ್ಯದ ಶೂಟರ್ ಮಾಡುವವರಿಗೆ ಹೆದರಿಕೆ ಇರುವುದು ಅದಕ್ಕೇ. ವಾಲ್ವ್ ಬೇಕಾದರೆ ತಾನು ಸಹಿ ಹಾಕಿದ ಸ್ಟೀಮ್‌ಓಎಸ್ ಮಾತ್ರ ಓಡುತ್ತಿದೆ ಅಂತ ಟಿಪಿಎಂ ಮೂಲಕ ಸಾಬೀತು ಮಾಡಿ ತೋರಿಸುವ ವ್ಯವಸ್ಥೆ ಕಟ್ಟಬಹುದು. ಆಗ ಡೆಕ್ ಕೂಡ ಅರ್ಧ ಮುಚ್ಚಿದ ಪೆಟ್ಟಿಗೆ ಆಗ್ತದೆ, ಫೆಡೋರ, ಉಬುಂಟು ಬಳಸುವವರು ಆಗಲೂ ಹೊರಗೇ.

ಹಂಪನಕಟ್ಟೆ_ಹಾರ್ಡ್‌ವೇರ್

ಕದ್ರಿಯ ತಮ್ಮನಿಗೆ: ಆ ಡೆಕ್ ನೋಡಲಿಕ್ಕೆ ಹೋಗುವುದಾದರೆ ಹಿಂದಿನ ಕವಚದ ಸ್ಕ್ರೂಗಳನ್ನು ಮೊದಲು ನೋಡಿ. ಓಎಲ್‌ಇಡಿಯಲ್ಲಿ ಟಿ6 ಟಾರ್ಕ್ಸ್ ಇರ್ತದೆ. ಅದರ ತಲೆಯಲ್ಲಿ ತುಕ್ಕು ಕಂಡರೆ ಸಮುದ್ರದ ಬದಿಯ ಮನೆಯಲ್ಲಿ ತೆರೆದಿಟ್ಟದ್ದು, ಒಳಗಿನ ಫ್ಯಾನ್, ಕನೆಕ್ಟರ್ ಮೇಲೂ ಉಪ್ಪು ಕೂತಿರ್ತದೆ. ಡೆಸ್ಕ್‌ಟಾಪ್ ಮೋಡ್‌ನ ಇನ್ಫೋ ಸೆಂಟರ್‌ನಲ್ಲಿ ಎನರ್ಜಿ ಪುಟ ತೆರೆದು ಬ್ಯಾಟರಿ ಹೊಸದರಲ್ಲಿದ್ದ 50 ವ್ಯಾಟ್-ಅವರ್‌ಗೆ ಎಷ್ಟು ಉಳಿದಿದೆ ನೋಡಿ. ಕಡ್ಡಿಗಳನ್ನು ಕ್ಯಾಲಿಬ್ರೇಷನ್ ಪುಟದಲ್ಲಿ ಬಿಟ್ಟು ನೋಡಿ, ಚುಕ್ಕೆ ನಡುವೆಯೇ ನಿಲ್ಲಬೇಕು.

ಕದ್ರಿ_ಕ್ರಾಸ್‌ಹೇರ್

ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಪಿಸಿ ಇಲ್ಲ, ಹಾಗಾಗಿ ಡೆಕ್ ಬಿಟ್ಟು ಅಲೈ ಕಡೆ ಮನಸ್ಸು. ಅದರಲ್ಲಿ ವಿಂಡೋಸ್ ಜೊತೆ ಸ್ಟೀಮ್‌ಓಎಸ್ ಥರದ್ದು ಕೂಡ ಬೇಕು ಅಂದರೆ ಪ್ರತಿ ಸಲ ಸೆಕ್ಯೂರ್ ಬೂಟ್ ಆನ್-ಆಫ್ ಮಾಡ್ತಾ ಇರಬೇಕಾ?

ಸುರತ್ಕಲ್_ಕರ್ನಲ್

ಸ್ಟೀಮ್‌ಓಎಸ್ ಹಾಕಿದರೆ ಹೌದು. ಅದರ ಬದಲು ಬಜೈಟ್ ಹಾಕಿ, ಅದೂ ಸ್ಟೀಮ್‌ಓಎಸ್ ಥರದ ಲಿನಕ್ಸೇ. ಇನ್‌ಸ್ಟಾಲ್ ಆದ ಮೇಲೆ ಮೊದಲ ಬೂಟ್‌ನಲ್ಲಿ ನೀಲಿ ಪರದೆ ಬರ್ತದೆ, ಎನ್ರೋಲ್ ಎಂಒಕೆ ಆಯ್ದು ಪಾಸ್‌ವರ್ಡ್ ಕೇಳಿದಾಗ ಯೂನಿವರ್ಸಲ್‌ಬ್ಲೂ (universalblue) ಅಂತ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ, ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಆಮೇಲೆ ಸೆಕ್ಯೂರ್ ಬೂಟ್ ಆನ್ ಇಟ್ಟುಕೊಂಡೇ ಎರಡೂ ಬೂಟ್ ಆಗ್ತವೆ. ವ್ಯಾಲೊರಂಟ್‌ಗೆ ವಿಂಡೋಸ್, ಉಳಿದದ್ದಕ್ಕೆ ಬಜೈಟ್.

ವಿಂಡೋಸ್ ಮೊದಲೇ ಇರುವುದರಿಂದ ಅದರ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಜಾಗ ಕುಗ್ಗಿಸಿ ಬಜೈಟ್‌ಗೆ ಬಿಡಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ವಿಂಡೋಸ್‌ನ ಡ್ರೈವ್ ಅರ್ಧ ನಿದ್ದೆಯಲ್ಲೇ ಉಳಿದು ಲಿನಕ್ಸ್ ಕಡೆಯಿಂದ ಬರೆಯಲಿಕ್ಕೆ ಬಿಡುವುದಿಲ್ಲ. ಗೇಮ್‌ಗಳನ್ನು ಎರಡೂ ಕಡೆ ಹಂಚಿಕೊಳ್ಳುವ ಒಂದೇ ಎನ್‌ಟಿಎಫ್‌ಎಸ್ ಡ್ರೈವ್ ಇಡುವ ಯೋಚನೆ ಬೇಡ, ಪ್ರೋಟಾನ್‌ಗೆ ಅದು ಸರಿ ಹೊಂದುವುದಿಲ್ಲ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೆ ನೇರ ವಿಂಡೋಸ್‌ಗೇ ಹೋಗ್ತಾ ಇದ್ದರೆ ಬಜೈಟ್ ಅಳಿಸಿದೆ ಅಂತ ಗಾಬರಿ ಬೇಡ. ಬಯೋಸ್‌ಗೆ ಹೋಗಿ ಬೂಟ್ ಪಟ್ಟಿಯಲ್ಲಿ ಅದನ್ನು ಮತ್ತೆ ಮೇಲೆ ತಂದಿಡಿ.